ಅದು ನನ್ನ ರಗತ ಅಲ್ಲ

"ತಗೋರಿ," ಎಂದಳು ಸಂಘಮಿತ್ರಾ.

ರಕ್ತ ಕೊಡುವವರು ಒರಗುವ ಉದ್ದ ಕುರ್ಚಿಯಲ್ಲಿ ಒರಗದೆ ನೆಟ್ಟಗೆ ಕೂತಿದ್ದಳು. ಬಲ ತೋಳಿನ ಬಟ್ಟೆಯನ್ನು ಮೊಣಕೈ ಮೇಲಕ್ಕೆ ಮಡಚಿ ಕೈ ಚಾಚಿದ್ದಳು. ಶಹಾಬಾದಿನ ಕಾಗಿಣಾ ರಕ್ತ ಕೇಂದ್ರದ ಮುಂದಿನ ಕೋಣೆಯಲ್ಲಿ ಬೆಳಗಿನ ಹತ್ತೂವರೆಗೆ ಹತ್ತು ಹನ್ನೆರಡು ಜನ ಇದ್ದರು. ಚೀಲ ಒಯ್ಯಲು ಬಂದ ರೋಗಿಗಳ ಕಡೆಯವರು. ಎಲ್ಲರೂ ಮಾತು ನಿಲ್ಲಿಸಿ ಆ ಕೈಯನ್ನೇ ನೋಡುತ್ತಿದ್ದರು.

ಕಲ್ಯಾಣಪ್ಪ ಸೂಜಿ ಮುಟ್ಟಲಿಲ್ಲ. ಹದಿನೆಂಟು ವರ್ಷದಿಂದ ಈ ಕೇಂದ್ರದಲ್ಲಿ ರಕ್ತಪರೀಕ್ಷೆಯ ಹೊಣೆ ಅವನದು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ.

"ಇಲ್ಲಿ ಬ್ಯಾಡವ್ವ. ಒಳಗ ನಡಿ. ಮಂದಿ ಮುಂದ ಯಾಕ ಇದೆಲ್ಲ?"

"ಮಂದಿ ಮುಂದೇ ನನ್ನ ಹೆಸರ ಕೆಡಿಸೀರಿ ಸರ. ಮಂದಿ ಮುಂದೇ ರಗತ ತಗೋರಿ."

ಗೋಡೆಗೆ ಒರಗಿ ನಿಂತಿದ್ದ ಮುಸರತ ಮುಂದೆ ಬಂದಳು. ಔಷಧ ನಿಯಂತ್ರಣ ಇಲಾಖೆಯ ಇನ್ಸ್‌ಪೆಕ್ಟರ್. ರಕ್ತ ಕೇಂದ್ರಗಳ ಲೈಸೆನ್ಸು, ದಾಖಲೆ, ತಪ್ಪು ಒಪ್ಪು ಎಲ್ಲ ಅವಳ ಕಣ್ಣಿನ ಕೆಳಗೇ ನಡೆಯಬೇಕು. ತೆಂಗಳಿಯ ಮೈತ್ರಿಯ ಹೆಣ್ಣುಕೂಸಿನ ಪ್ರಕರಣ ಅವಳ ಕೈಗೆ ಬಂದು ಇದು ಎಂಟನೇ ದಿನ.

"ತಗೋರಿ ಕಲ್ಯಾಣಪ್ಪನೋರ. ಎರಡು ಟ್ಯೂಬು. ನನ್ನ ಕಣ್ಣ ಮುಂದ."

ಅವನು ಒಂದೇ ಸಲಕ್ಕೆ ಸೂಜಿ ಚುಚ್ಚಿದ. ಪಳಗಿದ ಕೈ. ರಕ್ತ ಟ್ಯೂಬಿಗೆ ಇಳಿಯಿತು. ಮುಸರತ ಎರಡನ್ನೂ ತಾನೇ ಮುಚ್ಚಿ, ಅರಗು ಒತ್ತಿ, ಮೇಲೆ ಸಂಘಮಿತ್ರಾಳ ಸಹಿ ಹಾಕಿಸಿದಳು. ಒಂದು ಹೈದರಾಬಾದಿಗೆ, ಒಂದು ಬೆಂಗಳೂರಿಗೆ. ಎರಡೂ ಪ್ರಯೋಗಾಲಯಗಳಿಗೆ ಇನ್ನೊಂದರ ವಿಷಯ ಗೊತ್ತಿಲ್ಲದ ಹಾಗೆ.

"ನಾ ಸುಳ್ಳು ಬರೆದಿಲ್ರಿ ಮೇಡಂ," ಅಂದ ಕಲ್ಯಾಣಪ್ಪ, ದನಿ ತಗ್ಗಿಸಿ. "ಎರಡು ವರ್ಷದ ಹಿಂದ ಇಕಿ ಟೆಸ್ಟ್ ಆಗ್ಯದ. ಆವಾಗ ಸಾಫ್ ಇತ್ತು. ನಡುವ ಎಲ್ಲಿ ಹತ್ತಿಸಿಕೊಂಡಾಳೋ ಯಾರಿಗೆ ಗೊತ್ತು? ಎಂಜಲದಿಂದನೂ ಹತ್ತತದ, ಮತ್ತೊಂದರಿಂದನೂ ಹತ್ತತದ."

"ಯಾವ ಮತ್ತೊಂದು ಅಂತ ದೊಡ್ಡ ದನೀಲೆ ಹೇಳ್ರಿ ಸರ," ಅಂದಳು ಸಂಘಮಿತ್ರಾ, ತೋಳಿಗೆ ಹತ್ತಿ ಒತ್ತಿಕೊಂಡು. "ನಮ್ಮ ಆಫೀಸಿಗೆ ಕಾಗದ ಬರದು ಎಲ್ಲಾರಿಗೂ ಕೇಳಿಸಿದಂಗ."

ಅವನು ಸೂಜಿಯನ್ನು ತ್ಯಾಜ್ಯದ ಡಬ್ಬಿಗೆ ಹಾಕಿದ.

ಆ ಕಾಗದ ವಾಡಿ ಜಂಕ್ಷನ್ನಿನ ರೈಲ್ವೆ ಕಚೇರಿಗೆ ಹೋಗಿ ಹದಿನೈದು ದಿನವಾಗಿತ್ತು. ನಿಮ್ಮ ಸಿಬ್ಬಂದಿ ಸಂಘಮಿತ್ರಾಳಿಗೆ ಸೋಂಕು ಇರುವಂತಿದೆ, ಇನ್ನು ಮುಂದೆ ರಕ್ತದಾನಕ್ಕೆ ಕಳಿಸಬೇಡಿ ಎಂದು. ಅದನ್ನು ಒಬ್ಬ ಗುಮಾಸ್ತ ಓದಿದ. ಸಂಜೆಯೊಳಗೆ ಕಾಲೋನಿಯೇ ಓದಿತು. ಹಳಿ ಕಾಯುವ ಕೆಲಸದ ಹುಡುಗಿ, ಮದುವೆ ಇನ್ನೂ ಆಗಿಲ್ಲ, ಎಂಥ ಬ್ಯಾನಿಯೋ ಏನೋ. ಗುಂಡಗುರ್ತಿಯಲ್ಲಿ ಮಾತಾಡಿ ಇಟ್ಟಿದ್ದ ಬೀಗರು ಸದ್ಯ ತಡೆಯೋಣ ಎಂದು ಹೇಳಿ ಕಳಿಸಿದರು.

ಸೋಂಕಿನ ಹೆಸರು ಸೈಟೊಮೆಗಾಲೊ ವೈರಸ್. ಬಾಯಿ ತಿರುಗದು ಎಂದು ಎಲ್ಲರೂ ಸಿಎಂವಿ ಎನ್ನುತ್ತಿದ್ದರು. ನಾಚಿಕೆಪಡುವ ಬ್ಯಾನಿಯೇ ಅಲ್ಲ ಅದು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಸಣ್ಣವರಿದ್ದಾಗಲೇ ಬಂದು, ಮೈಯಲ್ಲಿ ಸುಮ್ಮನೆ ಕೂತು ಸಾಯುವತನಕ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಏನೂ ಮಾಡದು. ಏಳು ತಿಂಗಳಿಗೇ ಹುಟ್ಟಿದ ಒಂದು ಕಿಲೋ ಕೂಸಿನ ಮೈಗೆ ಹೊಕ್ಕರೆ ಮಾತ್ರ ಯಕೃತ್ತು, ಶ್ವಾಸಕೋಶ ಒಂದೊಂದನ್ನೇ ಹಿಡಿಯುತ್ತದೆ.

ಅದಕ್ಕೇ ಈ ಕೇಂದ್ರದವರು ನಾಲ್ಕು ವರ್ಷದಿಂದ ದಾನಿಗಳ ರಕ್ತದಲ್ಲಿ ಆ ವೈರಸ್ಸಿನ ಗುರುತು ಹುಡುಕುತ್ತಿದ್ದರು. ಆರುನೂರ ನಲವತ್ತು ಮಂದಿಯನ್ನು ನೋಡಿದ್ದರು. ಗುರುತು ಇಲ್ಲದವರು ಹತ್ತೊಂಬತ್ತೇ. ಕೂಸುಗಳಿಗೆ ಅವರ ರಕ್ತವೇ ಬೇಕು. ಆ ಪಟ್ಟಿಯಲ್ಲಿ ಓ ಗುಂಪಿನ ಹೆಣ್ಣುಮಗಳು ಸಂಘಮಿತ್ರಾ ಒಬ್ಬಳೇ. ಅಕ್ಟೋಬರಿನಲ್ಲಿ ಮೈತ್ರಿಯ ಹೆಣ್ಣುಕೂಸಿಗೆ ಏರಿಸಿದ ಚೀಲದ ಮೇಲೆ ಅವಳ ಹೆಸರಿನ ಚೀಟಿ ಇತ್ತು, ಆಮೇಲೆ ಕೂಸಿಗೆ ಆ ಸೋಂಕು ಕಂಡಿತ್ತು.

ಹೊರಗೆ ಹೋಗುವಾಗ ಆಕೆ ಮುಸರತಳ ಮುಂದೆ ನಿಂತಳು.

"ಮೇಡಂ, ಒಂದ್ ಮಾತು ಕೇಳ್ಲಿ? ಆ ಗುರ್ತು ಒಮ್ಮೆ ಬಂತಂದ್ರ ಹೋಗತದೇನು?"

"ಇಲ್ಲ. ಬಂದ್ರ ಜಲ್ಮ ಪೂರ್ತಿ ಇರ್ತದ."

"ಹಂಗಾರ ಇವತ್ತು ಇಲ್ಲಂದ್ರ ಆವತ್ತೂ ಇದ್ದಿಲ್ಲ."

"ಇದ್ದಿಲ್ಲ."

"ಸಾಕು," ಎಂದಳು. ತಲೆಯೆತ್ತಿ, ಕೋಣೆಯ ನಡುವಿನಿಂದಲೇ ನಡೆದು ಹೋದಳು. ಬಾಗಿಲಲ್ಲಿ ನಿಂತವರು ದಾರಿ ಬಿಟ್ಟರು.

*

ಕಲಬುರಗಿಯ ಮಕ್ಕಳ ಆಸ್ಪತ್ರೆಯಲ್ಲಿ ಮೈತ್ರಿ ಒಳಕೋಣೆಯ ಗಾಜಿನ ಎದುರು ನೆಲಕ್ಕೆ ಕೂತಿದ್ದಳು. ತೊಡೆಯ ಮೇಲೆ ಗಂಡುಕೂಸು. ಗಾಜಿನ ಆಚೆ ಹೆಣ್ಣುಕೂಸು, ಬಾಯಿಗೆ ನಳಿಗೆ, ಎದೆ ಯಂತ್ರದ ತಾಳಕ್ಕೆ ಏರಿ ಇಳಿಯುತ್ತಿತ್ತು. ಅವಳಿಗಳು, ಎರಡಕ್ಕೂ ಎರಡು ತಿಂಗಳು. ಗಂಡು ಎರಡೂವರೆ ಕಿಲೋ ಆಗಿತ್ತು. ಹೆಣ್ಣು ಅದರ ಅರ್ಧದಷ್ಟಿತ್ತು.

ಮುಸರತ ಪಕ್ಕದಲ್ಲಿ ಕೂತಳು.

"ನಮ್ಮತ್ತಿ ಅಂತಾಳ್ರಿ, ನನ್ನ ಹಾಲೇ ಕೆಟ್ಟದಂತ," ಮೈತ್ರಿ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದಳು. "ರಕ್ತದ ಆಫೀಸಿನವ್ರೂ ಹಂಗೇ ಅಂದ್ರಂತ. ತಾಯಿ ಹಾಲಿನಿಂದನೂ ಬರ್ತದಂತ. ನಾನೇ ಕೊಟ್ಟೀನೇನ್ರಿ ಇದನ್ನ?"

ಹಾಲಿನಿಂದಲೂ ಬರುತ್ತದೆ, ಅದು ನಿಜ. ಮುಸರತ ಅವಳ ತೊಡೆಯ ಮೇಲಿನ ಕೂಸನ್ನು ನೋಡಿದಳು.

"ಇಂವಾ ಯಾವ ಹಾಲು ಕುಡದಾನ?"

"ನನ್ನದೇ."

"ಇಂವಗ ಟೆಸ್ಟ್ ಮಾಡ್ಯಾರ. ಏನೂ ಇಲ್ಲ. ನಿಮಗ ಮಾಡ್ಯಾರ. ಏನೂ ಇಲ್ಲ. ಇಬ್ಬರದೂ ಒಂದೇ ಹೊಟ್ಟಿ, ಒಂದೇ ಹಾಲು. ಇಂವಗ ರಕ್ತ ಏರಿಸಿಲ್ಲ, ಅಕಿಗೆ ಏರಿಸ್ಯಾರ. ಫರಕ್ ಅಷ್ಟೇ. ನಿಮ್ಮತ್ತಿಗೆ ನಾ ಹೇಳ್ಲೇನು?"

ಮೈತ್ರಿ ಗಂಡುಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಸೆರಗು ಮುಚ್ಚಲೂ ಇಲ್ಲ.

"ನಾನೇ ಹೇಳ್ತೀನ್ರಿ," ಎಂದಳು. "ಆ ರಗತ ಕೊಟ್ಟಾಕಿ, ವಾಡಿ ಹುಡುಗಿ. ಅಕಿ ಹೆಂಗಿದ್ದಾಳ?"

"ಗಟ್ಟಿ ಇದ್ದಾಳ."

ಹಿರಿಯ ನರ್ಸ್ ಹಸೀನಾಬೇಗಂ ಮುಸರತಳನ್ನು ಒಳಗೆ ಕರೆದಳು. ಇಪ್ಪತ್ತಾರು ವರ್ಷ ಕೂಸುಗಳ ನಡುವೆಯೇ ಕೆಲಸ ಮಾಡಿದವಳು. ದನಿ ಯಾವತ್ತೂ ಮೇಲೇರದು. ಕೇಸ್ ಪೇಪರು ತೆರೆದು, ಅಕ್ಟೋಬರ್ ಹದಿನೇಳರ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲಿನ ಮೇಲೆ ಬೆರಳಿಟ್ಟಳು.

ಚೀಲ 450. ನಳಿಗೆ 4417.

"ಇದೇನು ಆಪಾ?"

"ನನ್ನ ಆದತ್, ರೂಢಿ. ಚೀಲದ ಮ್ಯಾಲ ರಕ್ತ ಕೇಂದ್ರದವ್ರು ಚೀಟಿ ಹಚ್ಚತಾರ. ಚೀಟಿ ಯಾರು ಬೇಕಾದ್ರೂ ಕಿತ್ತು ಹಚ್ಚಬಹುದು. ಚೀಲದ ಅಳತಿ, ಅದರ ನಳಿಗಿ ಮ್ಯಾಲಿನ ನಂಬರು, ಎರಡೂ ಚೀಲ ಮಾಡೋ ಕಂಪನಿಯವ್ರೇ ಅಚ್ಚು ಒತ್ತಿರ್ತಾರ. ಅದು ಅಳಸಂಗಿಲ್ಲ. ಅದಕ್ಕ ನಾ ಬರಕೊತೀನಿ. ಹೊಸಾ ಹುಡುಗ್ಯಾರು ನಗತಾರ."

ಮುಸರತ ಫೋಟೊ ತೆಗೆದುಕೊಂಡಳು. ಅದು ಎಷ್ಟು ದೊಡ್ಡ ಮಾತೆಂದು ಆಗ ಅವಳಿಗೂ ಪೂರ್ತಿ ತಿಳಿದಿರಲಿಲ್ಲ.

*

ಐದನೇ ದಿನ ಎರಡೂ ಊರಿನಿಂದ ಉತ್ತರ ಬಂತು. ಮುಸರತ ಫೋನಿನಲ್ಲಿ ಹೇಳದೆ ವಾಡಿಗೇ ಹೋದಳು.

ಜಂಕ್ಷನ್ನಿನಿಂದ ಎರಡು ಕಿಲೋಮೀಟರು ಆಚೆ, ಸಿಮೆಂಟಿನ ಧೂಳು ಕೂತ ಜಾಲಿ ಗಿಡಗಳ ಪಕ್ಕ, ಏಳು ಜನರ ತಂಡ ಹಳಿಯ ಕೆಳಗಿನ ಕಲ್ಲು ಬಿಗಿ ಮಾಡುತ್ತಿತ್ತು. ಸಂಘಮಿತ್ರಾ ಹಾರೆ ಹಿಡಿದಿದ್ದಳು. ಕಿತ್ತಳೆ ಬಣ್ಣದ ಜಾಕೀಟು ಅವಳ ಮೈಗೆ ದೊಡ್ಡದಾಗಿತ್ತು. ಉಳಿದ ಆರು ಜನ ಒಂದು ಕಡೆ, ಅವಳೊಬ್ಬಳೇ ಇನ್ನೊಂದು ಕಡೆ. ನೀರಿನ ಕ್ಯಾನು ಆರು ಜನರ ಕಡೆ ಇತ್ತು.

ಮುಸರತ ಎಲ್ಲವನ್ನೂ ಒಂದೇ ನೋಟಕ್ಕೆ ಕಂಡಳು. ತಂಡದ ಮುಖ್ಯಸ್ಥ ದೇವಿಂದ್ರಪ್ಪ ಸಲಾಮು ಹೊಡೆದ. ಆಕೆ ಕಾಗದ ತೆಗೆದು ಅವನ ಕೈಗೇ ಕೊಟ್ಟಳು.

"ದೊಡ್ಡದಾಗಿ ಓದ್ರಿ. ಎಲ್ಲಾರಿಗೂ ಕೇಳ್ಲಿ."

ಅವನು ತಡವರಿಸುತ್ತ ಓದಿದ. ಸಂಘಮಿತ್ರಾ, ವಯಸ್ಸು ಇಪ್ಪತ್ತಾರು, ಸಿಎಂವಿ ಗುರುತು ಇಲ್ಲ. ಎರಡನೇ ಕಾಗದದಲ್ಲೂ ಅದೇ. ಓದಿ ಮುಗಿಸಿ, ಏನು ಮಾಡಬೇಕೆಂದು ತಿಳಿಯದೆ, ನೀರಿನ ಕ್ಯಾನು ಎತ್ತಿಕೊಂಡು ಸಂಘಮಿತ್ರಾಳ ಕಡೆ ನಡೆದ.

"ಕುಡಿಯವ್ವ," ಎಂದ.

"ನೀರಡಿಸಿಲ್ರಿ ಕಾಕಾ," ಎಂದಳು. ಹಾರೆಯನ್ನು ನೆಲಕ್ಕೆ ಊರಿ ಮುಸರತಳ ಕಡೆ ತಿರುಗಿದಳು. ನಗಲಿಲ್ಲ, ಅಳಲಿಲ್ಲ. "ಹಂಗಾರ ಆ ಕೂಸಿಗೆ ಏರಿಸಿದ್ದು ಯಾರ ರಗತ್ರಿ?"

"ಅದನ್ನೇ ಹುಡುಕಬೇಕು. ಒಂದು ಹೇಳ್ರಿ. ಅಕ್ಟೋಬರ್ ಹದಿನಾಲ್ಕಕ್ಕ ಇಲ್ಲೇ ಬುದ್ಧವಿಹಾರದಾಗ ಶಿಬಿರ ಇತ್ತಲ್ಲ. ಆವತ್ತು ನಿಮ್ಮ ತೂಕ ಎಷ್ಟಿತ್ತು?"

"ನಲವತ್ತೆಂಟು. ಯಾವಾಗಲೂ ಅಷ್ಟೇ. ಸಣ್ಣ ಚೀಲ ಹಾಕ್ರಿ ಅಂತ ಅವ್ರವ್ರೇ ಮಾತಾಡ್ತಿರ್ತಾರ."

"ಸಣ್ಣ ಚೀಲ?"

"ಮುನ್ನೂರೈವತ್ತು ಎಂಎಲ್ಲಿಂದು. ಐವತ್ತೈದು ಕಿಲೋ ಇಲ್ಲದವರಿಗೆ ದೊಡ್ಡದು ಹಾಕಂಗಿಲ್ಲಂತ. ನನಗ ಒಮ್ಮೆನೂ ಹಾಕಿಲ್ಲ."

ಮುಸರತ ಫೋನು ತೆರೆದು ಹಸೀನಾಬೇಗಂಳ ಪೆನ್ಸಿಲ್ ಸಾಲನ್ನು ನೋಡಿದಳು. ಚೀಲ 450.

ಚೀಟಿ ಸಂಘಮಿತ್ರಾಳದು. ಚೀಲ ಅವಳದಲ್ಲ. ಅಂದರೆ ಯಾರೋ ಆ ಚೀಟಿಯನ್ನು ಬೇಕೆಂದೇ ಬೇರೆ ಚೀಲಕ್ಕೆ ಹಚ್ಚಿದ್ದರು.

ದೇವಿಂದ್ರಪ್ಪ ಸೀಟಿ ಊದಿದ. ಎಲ್ಲರೂ ಹಳಿ ಬಿಟ್ಟು ಸರಿದರು. ಗೂಡ್ಸ್ ಗಾಡಿ ಹಾಯುವತನಕ ಯಾರೂ ಮಾತಾಡುವಂತಿರಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೆ ಸಂಘಮಿತ್ರಾ ಜಾಕೀಟು ಬಿಚ್ಚಿ ದೇವಿಂದ್ರಪ್ಪನ ಕೈಗೆ ಕೊಟ್ಟಳು.

"ಅರ್ಧ ದಿನದ ರಜಾ ಬರಕೋರಿ ಕಾಕಾ. ಮೇಡಂ, ನಾನೂ ಬರ್ತೀನಿ ಶಹಾಬಾದಿಗೆ."

"ವಿಚಾರಣೆ ನಡೆಯೂ ಜಾಗ ಅದು. ನೀವು ಬರೂದು ಸರಿ ಆಗಲ್ಲ."

"ನನ್ನ ಹೆಸರಿನ ವಿಚಾರಣೆ ಅದ. ನಾ ಇಲ್ಲದೆ ಹೆಂಗ ಸರಿ ಆಗತದ?"

ಮುಸರತ ಜೀಪಿನ ಬಾಗಿಲು ತೆರೆದಳು.

*

ಕಲ್ಯಾಣಪ್ಪನ ಕೋಣೆ ಸಣ್ಣದು. ಒಂದು ಮೇಜು, ಮೂರು ಕುರ್ಚಿ, ಗೋಡೆಗುಂಟ ರಜಿಸ್ಟರುಗಳು. ಅವನು ಎರಡು ಪ್ರಯೋಗಾಲಯದ ಕಾಗದಗಳನ್ನು ಓದಿದ. ತಲೆ ಎತ್ತಲಿಲ್ಲ.

"ಶಿಬಿರದ ರಜಿಸ್ಟರ್ ತೆಗೀರಿ," ಎಂದಳು ಮುಸರತ.

ತೆಗೆದ. ಅಕ್ಟೋಬರ್ ಹದಿನಾಲ್ಕು, ವಾಡಿ, ನಲವತ್ತೊಂದು ದಾನಿಗಳು. ಇಪ್ಪತ್ತಾರನೇ ಸಾಲು ಸಂಘಮಿತ್ರಾ. ತೂಕ 48. ಚೀಲ 350. ನಳಿಗೆ ನಂಬರು 2096.

"ಕೂಸಿಗೆ ಏರಿಸಿದ ಚೀಲ 450. ನಳಿಗೆ 4417. ನರ್ಸ್ ಬರದಿಟ್ಟಾರ. ಈ ನಲವತ್ತೊಂದರಾಗ 4417 ಯಾರದು, ತೋರಿಸ್ರಿ."

ಅವನ ಬೆರಳು ಸಾಲುಗಳ ಮೇಲೆ ಹಾಯಿತು. ಹುಡುಕುವ ಬೆರಳಾಗಿರಲಿಲ್ಲ ಅದು. ಇಲ್ಲವೆಂದು ಗೊತ್ತಿದ್ದೂ ಹೊತ್ತು ಕಳೆಯುವ ಬೆರಳು.

"ಇಲ್ಲಿ ಇಲ್ರಿ."

"ಮತ್ತೆಲ್ಲಿ ಅದ?"

ಕಲ್ಯಾಣಪ್ಪ ಎದ್ದ. ಮೇಲಿನ ಹಲಗೆಯಿಂದ ಹಸಿರು ಫೈಲೊಂದನ್ನು ತೆಗೆದು, ಬಿಚ್ಚದೆ, ಮುಸರತಳ ಮುಂದೆ ಇಟ್ಟ.

"ಇದು ನಿಮಗ ಗೊತ್ತದ ಮೇಡಂ. ನೀವೇ ಸಹಿ ಮಾಡೀರಿ."

ಫೈಲಿನ ಮೇಲೆ ಚಿಂಚೋಳಿ ಎಂದು ಬರೆದಿತ್ತು.

ಮುಸರತಳಿಗೆ ನೆನಪಾಯಿತು. ಅಕ್ಟೋಬರ್ ಒಂಬತ್ತಕ್ಕೆ ಚಿಂಚೋಳಿಯ ರಕ್ತ ಶೇಖರಣಾ ಘಟಕವನ್ನು ಅವಳೇ ಮುಚ್ಚಿಸಿದ್ದಳು. ಹದಿನೈದು ದಿನದಿಂದ ಅಲ್ಲಿ ಯಾರೂ ಫ್ರಿಜ್ಜಿನ ಉಷ್ಣತೆ ಬರೆದಿಟ್ಟಿರಲಿಲ್ಲ. ಒಳಗಿದ್ದ ಹದಿನಾಲ್ಕು ಚೀಲಗಳನ್ನು ನಂಬುವಂತಿರಲಿಲ್ಲ. ನಾಶ ಮಾಡಿಸಲು ಮರುದಿನ ಈ ಕೇಂದ್ರಕ್ಕೇ ತರಿಸಿದ್ದಳು.

ಫೈಲು ಬಿಚ್ಚಿದಳು. ಹದಿನಾಲ್ಕು ನಳಿಗೆ ನಂಬರುಗಳು. ನಾಲ್ಕನೆಯದು 4417. ಕೆಳಗೆ ಒಂದು ಸಾಲು: ಮೇಲಿನ ಹದಿನಾಲ್ಕು ಚೀಲಗಳನ್ನು ನನ್ನ ಸಮಕ್ಷಮದಲ್ಲಿ ವಿಲೇವಾರಿಗೆ ಒಪ್ಪಿಸಲಾಗಿದೆ. ಅದರ ಕೆಳಗೆ ಅವಳದೇ ದುಂಡು ಸಹಿ.

ಸಮಕ್ಷಮದಲ್ಲಿ ಒಪ್ಪಿಸಿರಲಿಲ್ಲ. ತ್ಯಾಜ್ಯ ಒಯ್ಯುವ ವ್ಯಾನಿಗೆ ನಾಲ್ಕು ಗಂಟೆತನಕ ಕಾದಿದ್ದಳು. ಚಿತ್ತಾಪುರದಿಂದ ಫೋನು ಬಂದಿತ್ತು, ನಕಲಿ ಮಾತ್ರೆಯ ಅಂಗಡಿಯೊಂದು ಸಿಕ್ಕಿದೆ ಎಂದು. ವ್ಯಾನು ಹತ್ತು ನಿಮಿಷಕ್ಕೆ ಬರುತ್ತದೆ ಎಂದಿದ್ದರು. ಸಹಿ ಮಾಡಿ ಹೊರಟುಬಿಟ್ಟಿದ್ದಳು.

"ನಿಮಗೂ ತಕಲೀಫ್ ಬ್ಯಾಡ, ನಮಗೂ ಬ್ಯಾಡ," ಕಲ್ಯಾಣಪ್ಪ ಮೆಲ್ಲಗೆ ಹೇಳಿದ. "ಶಿಬಿರದ ಗದ್ದಲದಾಗ ಚೀಟಿ ಅದಲುಬದಲು ಆಗ್ಯದಂತ ಬರೀರಿ. ನರ್ಸ್ ಬರದ ನಂಬರು ಓದಲಿಕ್ಕೆ ಬರಲ್ಲಂತ ಬರೀರಿ. ಈ ಹುಡುಗೀಗಿ ನಾವು ಮಾಫಿ ಕಾಗದ ಕೊಡ್ತೀವಿ. ಅಕಿ ಹೆಸರೂ ಸಾಫ್, ನಿಮ್ಮ ನೌಕರೀನೂ ಸಾಫ್."

ಸಂಘಮಿತ್ರಾ ಮುಸರತಳ ಕಡೆ ನೋಡಿದಳು. ಐದು ದಿನದ ಹಿಂದೆ ಸೂಜಿಗೆ ಕೈ ಚಾಚಿ ಕಾಯುತ್ತಿದ್ದಾಗಲೂ ಹೀಗೇ ನೋಡಿದ್ದಳು.

ಮುಸರತಳದು ಹದಿಮೂರು ವರ್ಷದ ನೌಕರಿ. ಒಮ್ಮೆಯೂ ಮೇಲಿನವರಿಂದ ಒಂದು ಎಚ್ಚರಿಕೆ ಕಾಗದ ಬಂದಿರಲಿಲ್ಲ. ಮೇಜಿನ ಮೇಲಿದ್ದ ಗ್ಲಾಸಿನಿಂದ ಒಂದು ಗುಟುಕು ನೀರು ಕುಡಿದಳು. ಆಮೇಲೆ ಪಂಚನಾಮೆಯ ಹಾಳೆ ಎಳೆದುಕೊಂಡು ಬರೆದಳು. ಬರೆದದ್ದನ್ನು ಬಾಯಿಬಿಟ್ಟು ಓದಿದಳು.

"ಚೀಲ ನಂಬರು 4417 ಅನ್ನು ನಾನು ನಾಶಕ್ಕೆ ಒಪ್ಪಿಸಿದ್ದೇನೆಂದು ಸಹಿ ಮಾಡಿದ್ದೆ. ವ್ಯಾನು ಬರುವ ಮೊದಲೇ ಸಹಿ ಮಾಡಿ ಹೋಗಿದ್ದೆ. ಇದು ನನ್ನ ಕರ್ತವ್ಯಲೋಪ." ಕೆಳಗೆ ತನ್ನ ಹೆಸರು, ಹುದ್ದೆ, ತಾರೀಖು ಹಾಕಿದಳು. "ನನ್ನ ಪಾಲಿಂದು ಬರೆದಾಯ್ತು. ಈಗ ನಿಮ್ಮ ಪಾಲಿಂದು ಹೇಳ್ರಿ ಕಲ್ಯಾಣಪ್ಪನೋರ."

ಕಲ್ಯಾಣಪ್ಪ ಆ ಹಾಳೆಯನ್ನು ನೋಡುತ್ತ ಕೂತ. ಹಿಡಿದುಕೊಂಡಿದ್ದ ಒಂದೇ ಆಸರೆ ಕೈಜಾರಿದ ಹಾಗೆ ಅವನ ಹೆಗಲು ಇಳಿದವು.

"ಹದಿನೈದನೇ ತಾರೀಖು," ಎಂದ. "ರಗತದ ಕಣ ಬ್ಯಾರೆ ಮಾಡಾಕ ಇಕಿ ಚೀಲ ಮಿಷನ್ನಿನಾಗ ತಿರುಗಾಕ ಇಟ್ಟಿದ್ದೆ. ಒಡೀತು. ಪೂರಾ ಹೋಯ್ತು. ಹದಿನೇಳಕ್ಕ ಆ ದವಾಖಾನಿ ಡಾಕ್ಟರ್ ಮೂರು ಸಲ ಫೋನ್ ಮಾಡಿದ್ರು, ಓ ಗುಂಪಿಂದು, ಸಿಎಂವಿ ಇಲ್ಲದ ರಕ್ತ ಈಗಿಂದೀಗ ಬೇಕು, ಕೂಸು ಬೆಳ್ಳಗಾಗ್ಯದಂತ. ಪಟ್ಟಿಯಾಗಿನ ಯಾರದೂ ಇದ್ದಿಲ್ಲ. ಓ ಗುಂಪಿನವು ಚಿಂಚೋಳಿ ಚೀಲ ಮಾತ್ರ ಬ್ಯಾರೆ ಫ್ರಿಜ್ಜಿನಾಗ ಇದ್ದವು. ವ್ಯಾನ್ ಬಂದಿದ್ದಿಲ್ಲ. ಒಂದು ತಗದೆ. ಇಕಿ ಚೀಟಿ ಹಚ್ಚಿದೆ. ಕೂಸು ಉಳೀಲಿ ಅಂತ ಮಾಡಿದೆ ಮೇಡಂ."

"ಕೂಸು ಉಳೀಬೇಕಾಗಿತ್ತಂದ್ರ ಖರೆ ಹೇಳಬೇಕಿತ್ತು. ವೈರಸ್ ಇರೂ ಬಿಳಿ ಕಣ ಸೋಸಿ ಬ್ಯಾರೆ ರಕ್ತ ಕೊಡ್ತಿದ್ರು. ಕಲಬುರಗ್ಯಾಗೇ ಬ್ಯಾರೆ ಕಡೆ ಹುಡುಕತಿದ್ರು. ಡಾಕ್ಟರಿಗೆ ಹಾದಿ ಇತ್ತು. ನೀವು ಹಾದಿ ಮುಚ್ಚಿದ್ರಿ."

"ಅಂಜಿಕಿ ಆಯ್ತ್ರಿ."

"ನನಗೂ ಅಂಜಿಕಿ ಆಗಿತ್ತು ಸರ," ಸಂಘಮಿತ್ರಾ ಆ ಕೋಣೆಯಲ್ಲಿ ಮೊದಲ ಬಾರಿ ಬಾಯಿ ತೆರೆದಳು. "ಆ ಕಾಗದ ಬಂದ ದಿನ. ನಮ್ಮವ್ವ ಎರಡು ದಿನ ಉಂಡಿಲ್ಲ. ಹದಿನೆಂಟು ವರ್ಷ ತುಂಬಿದಾಗಿಂದ ವರ್ಷಾ ವರ್ಷಾ ಬಂದು ನಿಮಗ ರಗತ ಕೊಟ್ಟೀನಿ. ಕೈ ನೋಯ್ತೇನವ್ವ ಅಂತ ನೀವೇ ಕೇಳ್ತಿದ್ರಿ. ನನ್ನ ಚೀಲ ಒಡೆದದ್ದಕ್ಕ ನನಗ ಸಿಟ್ಟಿಲ್ಲ. ಒಡೆದದ್ದು ನೀವು, ಹೊಲಸು ಬಿದ್ದಿದ್ದು ನನ್ನ ಮ್ಯಾಲ. ಮಾಫಿ ಕಾಗದ ನನಗ ಬ್ಯಾಡ. ಖರೆ ಏನದ ಅದನ್ನ ಬರೀರಿ. ನನ್ನ ಆಫೀಸಿಗೆ, ನಮ್ಮ ಕಾಲೋನಿಗೆ, ಆ ಕೂಸಿನ ತಾಯಿಗೆ. ನಿಮ್ಮ ಕೈಲೆ."

ಅವನು ತಲೆಯಾಡಿಸಿದ. ಮುಸರತ ಹಾಳೆ ಕೊಟ್ಟಳು. ಅವನು ಬರೆದ, ಅರ್ಧ ಪುಟ. ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಹಗುರಾದವನಂತೆ ಕಂಡ.

ಅಲ್ಲಿಗೆ ಪ್ರಕರಣ ಮುಗಿಯಬೇಕಿತ್ತು.

ಮುಸರತ ಹಸಿರು ಫೈಲನ್ನು ಮುಚ್ಚಲು ಹೋಗಿ ನಿಲ್ಲಿಸಿದಳು.

"ಉಳಿದ ಹದಿಮೂರು?"

"ಅವು ಹೋದವ್ರಿ. ಹದಿನೆಂಟಕ್ಕ ವ್ಯಾನ್ ಬಂದು ಒಯ್ತು."

"ನೀವು ನೋಡೀರೇನು?"

"ಇಲ್ಲ. ಹೇಳಿದ್ರು."

"ರಸೀದಿ?"

ಕಲ್ಯಾಣಪ್ಪ ಫೈಲು ತಿರುವಿದ. ರಸೀದಿ ಇರಬೇಕಾದ ಜಾಗದಲ್ಲಿ ಪಿನ್ನು ಮಾತ್ರ ಇತ್ತು.

ಮುಸರತ ಎದ್ದು ಹಲಗೆಯ ಮೇಲಿನ ಇನ್ನೊಂದು ರಜಿಸ್ಟರ್ ತಾನೇ ಎಳೆದಳು. ಯಾವ ರೋಗಿಗೆ ರಕ್ತ ಕೊಡುವ ಮೊದಲೂ ಚೀಲದ ನಳಿಗೆಯ ಒಂದು ತುಂಡು ಕತ್ತರಿಸಿ, ರೋಗಿಯ ರಕ್ತದೊಂದಿಗೆ ಹೊಂದುತ್ತದೋ ಇಲ್ಲವೋ ನೋಡಬೇಕು. ನೋಡಿದವರು ಆ ನಳಿಗೆಯ ನಂಬರನ್ನು ಇದರಲ್ಲಿ ಬರೆಯಬೇಕು. ಅಭ್ಯಾಸಬಲದಿಂದ ಎಲ್ಲರೂ ಬರೆಯುತ್ತಾರೆ. ಯಾರೂ ಯಾವುದರೊಂದಿಗೂ ತಾಳೆ ನೋಡುವುದಿಲ್ಲ.

"ನಾ ನಂಬರು ಹೇಳ್ತೀನಿ. ನೀವು ಹುಡುಕಿ ಹೆಸರು ಓದ್ರಿ. ಅಕ್ಟೋಬರ್ ಹದಿನೆಂಟರಿಂದ."

"ಸಿಗಂಗಿಲ್ರಿ ಮೇಡಂ. ನಾನೇ ಅವನ್ನ ಕಸದ ಹಳದಿ ಚೀಲದಾಗ ಕಟ್ಟಿ ಇಟ್ಟೀನಿ."

"ಸಿಗಲಿಲ್ಲಂದ್ರ ಛಲೋನೇ ಆಯ್ತು. 4402."

ಪುಟ ತಿರುವಿದ. ಇನ್ನೊಂದು ಪುಟ. ಬೆರಳು ನಿಂತಿತು.

"ಅದ," ಎಂದ. ದನಿ ಬದಲಾಗಿತ್ತು. "ಭಂಕೂರ. ಗಣಿ ಕೆಲಸದಾಂವ. ಕಾಲು ಮುರದಿತ್ತು."

"4409."

"ಚಿತ್ತಾಪುರ. ಹೆರಿಗಿ."

"4411."

"ಇದೂ ಅದ. ಮತ್ತೊಂದು ಹೆರಿಗಿ." ಅವನು ಪುಟವನ್ನು ಬೆಳಕಿಗೆ ಹಿಡಿದ. "ಇದು ನನ್ನ ಅಕ್ಷರ ಅಲ್ಲ ಮೇಡಂ. ಒಂದೂ ನನ್ನ ಅಕ್ಷರ ಅಲ್ಲ. ನಾ ಒಂದೇ ತಗದಿದ್ದು. ಆಣಿ ಮಾಡಿ ಹೇಳ್ತೀನಿ, ಒಂದೇ."

"4420. 4421."

ಅವನು ಹುಡುಕಿದ. ಸಿಕ್ಕಿತು ಎಂದು ಅವನ ಕಣ್ಣೇ ಹೇಳಿತು. ಆದರೆ ಹೆಸರು ಓದಲಿಲ್ಲ.

"ಓದ್ರಿ," ಎಂದಳು ಮುಸರತ.

ಕಲ್ಯಾಣಪ್ಪ ರಜಿಸ್ಟರನ್ನು ಮೇಜಿನ ಮೇಲೆ ಅವಳ ಕಡೆ ತಿರುಗಿಸಿದ.

ಅಕ್ಟೋಬರ್ ಹತ್ತೊಂಬತ್ತು. ಜಗದೇವಿ ಗಂಡ ಮಲ್ಲಣ್ಣ, ಸೇಡಂ. ಎರಡು ಚೀಲ.

"ನನ್ನ ಮಗಳ್ರಿ," ಎಂದ. "ಮೂರನೇ ತಿಂಗಳಾಗ ರಗತ ಹೋಗಿ ಮೈಯಾಗ ಏನೂ ಉಳದಿದ್ದಿಲ್ಲ. ಸೇಡಂ ದವಾಖಾನ್ಯಾಗ ಅಕಿ ಬಾಜೂಕ ಕುಂತು ನಾನೇ ಇಲ್ಲಿಗೆ ಫೋನ್ ಮಾಡಿದ್ದೆ. ಅಕಿಗೆ ಸಿಎಂವಿ ಇಲ್ಲ, ನಾನೇ ಟೆಸ್ಟ್ ಮಾಡೀನಿ, ಬಸರಿಗೆ ಹತ್ತಿದ್ರ ಹೊಟ್ಟ್ಯಾಗಿನ ಕೂಸಿಗೆ ಧೋಕಾ ಅದ, ನೋಡಿ ಛಲೋದು ಕಳಸ್ರಿ ಅಂತ ಕೈ ಮುಗದು ಹೇಳಿದ್ದೆ. ಹೂಂ ಅಂದ್ರು. ಈಗ ಅಕಿಗೆ ಐದು ತಿಂಗಳು."

ಸಂಘಮಿತ್ರಾ ನೀರಿನ ಗ್ಲಾಸನ್ನು ಅವನ ಕಡೆ ಸರಿಸಿದಳು. ಅವನು ಮುಟ್ಟಲಿಲ್ಲ.

"ಫೋನ್ ಎತ್ತಿದ್ದು ಯಾರು?" ಮುಸರತ ಕೇಳಿದಳು. "ಈ ಅಕ್ಷರ ಯಾರದು?"

ಕಲ್ಯಾಣಪ್ಪ ಪಕ್ಕದ ಗೋಡೆಯ ಕಡೆ ನೋಡಿದ. ಆಮೇಲೆ ಅರ್ಧ ತೆರೆದಿದ್ದ ಬಾಗಿಲ ಕಡೆ.

"ಮೊದಲ ಬಾಗಲಾ ಹಾಕ್ರಿ," ಎಂದ, ಉಸಿರಲ್ಲೇ. "ನಮ್ಮ ಮ್ಯಾಲಿನವ್ರು. ಬಾಜೂ ಕೋಣ್ಯಾಗೇ ಕುಂತಾರ."

ಸಂಘಮಿತ್ರಾ ಎದ್ದಳು. ಬಾಗಿಲ ಹತ್ತಿರ ಹೋಗಿ, ಅದು ಗೋಡೆಗೆ ತಾಗುವಷ್ಟು ಪೂರ್ತಿ ತೆರೆದಳು.

"ಹಾಕೂದಿಲ್ಲ," ಎಂದಳು, ಆಚೆ ಕೋಣೆಗೂ ಕೇಳುವ ಹಾಗೆ. "ಹೆಸರ ಹೇಳ್ರಿ ಸರ."

ಗೋಡೆಯ ಆಚೆ ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದಾಯಿತು.